ಶ್ಯಾವಿಗೆ ಯಂತ್ರ ನೋಡಲು ಬಂದ ವಿದೇಶಿ ನೆರವು

ನನ್ನ ಸೋದರಮಾವನನ್ನು ಮನೆಗೆ ಕರೆಯುವವರು ಮೊದಲು ಮಿಕ್ಸಿಯನ್ನು ಬಚ್ಚಿಡಬೇಕು! ನೀವು ಒಳಗೆ ಹೋಗಿ ಕಾಫಿ ತರುವಷ್ಟರಲ್ಲಿ ಅದರ ಹೊಟ್ಟೆ ಬಿಚ್ಚಿರುತ್ತಾರೆ. "ಅದು ಕೆಟ್ಟಿರ್ಲಿಲ್ವಲ್ಲ ಮಾವ?" ಎಂದರೆ, "ಕೆಟ್ಟ ಮೇಲೆ ಯಾರು ಬೇಕಾದ್ರೂ ಬಿಚ್ತಾರೆ ಮಾರಾಯ" ಎನ್ನುತ್ತಾರೆ.

ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಬೀದಿಯಲ್ಲಿ ಏನು ಕಾಣೆಯಾದರೂ ಜನ ಪೊಲೀಸರ ಬಳಿ ಹೋಗುತ್ತಿರಲಿಲ್ಲ, ನೇರ ಮಾವನ ಜಗಲಿಗೆ ಬರುತ್ತಿದ್ದರು. ಬೈಯುತ್ತ ಬಂದವರು ಅತ್ತೆ ಬಡಿಸಿದ ಒತ್ತು ಶ್ಯಾವಿಗೆ, ಕಾಯಿಹಾಲು ತಿಂದು, ಕೇಳಲು ಬಂದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಭಾನುವಾರ ಶಿವಮೊಗ್ಗದಿಂದ ನಾನು ಬಸ್ಸು ಹತ್ತುತ್ತಿದ್ದುದೂ ಅದೇ ಆಸೆಗೆ. ಈಗ ನಮ್ಮ ಗೋಪಾಳ ಬಡಾವಣೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವುದಕ್ಕೂ ಶ್ಯಾವಿಗೆ ಎಂದೇ ಹೆಸರು. ಹೆಸರು ಮಾತ್ರ!

ಒಂದು ವರ್ಷ ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ ಸೋತಿತು. ಶ್ಯಾವಿಗೆ ಒತ್ತುವುದೆಂದರೆ ರಟ್ಟೆಯ ಕೆಲಸ. ಶ್ಯಾವಿಗೆ ಒರಳು ಅಟ್ಟ ಸೇರಿತು, ಅತ್ತೆಯ ಮಾತೂ ಕಮ್ಮಿಯಾಯಿತು. ಮಾವ ತಾವೇ ಒತ್ತಲು ಹೋದರೆ, "ನೀವ್ ಒತ್ತಿದ್ರೆ ಅದು ನನ್ ಶ್ಯಾವಿಗೆ ಹೆಂಗಾಗುತ್ತೆ?" ಎಂದು ಮುಖ ತಿರುಗಿಸಿದರು.

ಸರಿ, ಕಾಲಲ್ಲಿ ತುಳಿದು ಒತ್ತುವ ಯಂತ್ರಕ್ಕೆ ಮಾವ ಕೈ ಹಾಕಿದರು! ಪಕ್ಕದ ಮನೆಯ ಸೆಲ್ವಿಯಕ್ಕನ ಹೊಲಿಗೆ ಮೆಷಿನ್ನಿನ ಪೆಡಲ್ ಬಂತು. ಯಾರದೋ ಸೈಕಲ್ಲಿನ ಚೈನು ಬಂತು. ಶಾಲೆಯ ವ್ಯಾನ್ ಓಡಿಸುವ ಬಾಷಾ ಸಾಹೇಬರ ಜಾಕೂ ಬಂತು. ಮೊದಲ ಪ್ರಯೋಗದಲ್ಲಿ ಶ್ಯಾವಿಗೆ ತಟ್ಟೆಗೆ ಬೀಳದೆ, ಎದುರು ಗೋಡೆಯ ಕ್ಯಾಲೆಂಡರಿನ ಗಣಪತಿಗೆ ನೇರ ನೈವೇದ್ಯವಾಯಿತು.

ಇಂಥ ಹೊಸ ಶೋಧಗಳಿಗೆ ವಿದೇಶದ ಸಂಸ್ಥೆಯೊಂದು ನೆರವು ಕೊಡುತ್ತದೆ, ಆದರೆ ಊರವರ ಬೆಂಬಲವೂ ಇರಬೇಕು ಎಂಬ ಸುದ್ದಿ ತಂದವನು ನಾನೇ. ಅಲ್ಲಿಂದ ಒಬ್ಬರು ಮೇಡಂ ನೋಡಲು ಬಂದರು. ದುಭಾಷಿಯ ಕೆಲಸವೂ ನನ್ನ ತಲೆಗೇ ಬಂತು.

"ನಿಮ್ಮ ಗ್ರಾಹಕರು ಯಾರು?" ಎಂದು ಮೇಡಂ ಕೇಳಿದರು.

"ಒಳಗೆ ಹಿಟ್ಟು ಬೇಯಿಸ್ತಿದ್ದಾಳೆ" ಎಂದರು ಮಾವ.

"ಊರವರ ಬೆಂಬಲ?"

ಮಾವ ಯಂತ್ರವನ್ನೇ ತೋರಿಸಿ, ಪೆಡಲ್ ಯಾರದು, ಚೈನು ಯಾರದು ಎಂದು ವಿವರಿಸತೊಡಗಿದರು. ಅಷ್ಟರಲ್ಲಿ ಬಾಷಾ ಸಾಹೇಬರು ಓಡಿಬಂದರು. "ಮಾಫ್ ಮಾಡಿ ಸಾರ್, ವ್ಯಾನ್ ಪಂಕ್ಚರ್ ಆಗಿದೆ, ಜಾಕ್ ಬೇಕು!"

ಊರವರ ಬೆಂಬಲ ಕಣ್ಣೆದುರೇ ಬಿಚ್ಚಿಕೊಂಡು ಹೋಯಿತು! ಟೈರ್ ಬದಲಾಗುವವರೆಗೆ ವಿದೇಶಿ ನೆರವು ಜಗಲಿಯಲ್ಲಿ ಕೂತು ಕಾಫಿ ಕುಡಿಯಿತು.

ಜಾಕ್ ಮರಳಿ ಬಂದ ಮೇಲೆ ಅತ್ತೆ ಪೆಡಲ್ ತುಳಿದರು. ಶ್ಯಾವಿಗೆ ಬಂತು ನಿಜ, ಆದರೆ ಅರ್ಧ ಎಳೆ, ಅರ್ಧ ಮುದ್ದೆ. "ಇದಕ್ಕಿಂತ ಒಳ್ಳೆಯ ಮೆಷಿನ್ ಅಂಗಡಿಯಲ್ಲೇ ಸಿಗಬಹುದಲ್ಲ, ಇದರಿಂದ ನಿಮಗೇನು ಉಪಯೋಗ?" ಎಂದು ಮೇಡಂ ಅತ್ತೆಯನ್ನೇ ಕೇಳಿದರು. ಮಾವ ತಲೆ ತಗ್ಗಿಸಿಕೊಂಡು ಚೈನಿಗೆ ಎಣ್ಣೆ ಬಿಡತೊಡಗಿದರು.

ಅತ್ತೆ ನನ್ನ ಕಡೆ ತಿರುಗಿದರು. "ಕೈ ಸೋತ್ಮೇಲೆ ಎಲ್ರೂ ನಂಗೆ ಊಟ ತಂದ್ಕೊಟ್ರು ಕಣೋ. ನಾನೂ ಇನ್ನೊಬ್ರಿಗೆ ಬಡಿಸ್ಬೇಕು ಅನ್ನೋದು ನೆನಪಿದ್ದದ್ದು ಇವರೊಬ್ರಿಗೇ. ಅಷ್ಟ್ ಹೇಳು ಅವರಿಗೆ."

ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. 'ಬಡಿಸುವುದು' ಎಂಬಲ್ಲಿಗೆ ಬಂದಾಗ ನನ್ನ ಇಂಗ್ಲಿಷ್ ಸಾಲದೆ, ಮೇಡಂ ಕೈಗೆ ಒಂದು ತಟ್ಟೆ ಕೊಟ್ಟೆ.

ಆ ನೆರವು ನಮಗೆ ಸಿಗಲಿಲ್ಲ. ಅವತ್ತು ಅತ್ತೆ ಎಡಗೈಯಲ್ಲೇ ಆ ಮೇಡಂಗೆ, ಬಾಷಾ ಸಾಹೇಬರಿಗೆ, ಸೆಲ್ವಿಯಕ್ಕನಿಗೆ, ನನಗೆ ಬಡಿಸಿ, ಕೊನೆಗೆ ಮಾವನ ಮುಂದೆ ಬಂದು ನಿಂತು, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದರು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ಮಾತು. ಮಾವ ತಲೆ ಎತ್ತಲಿಲ್ಲ, ತಟ್ಟೆಯನ್ನು ಮಾತ್ರ ಮುಂದೆ ಹಿಡಿದರು.