ಸಪ್ಪಳ ಮಾಡದ ಡಬ್ಬಿ

ಮಲಗುವ ಕೋಣೆಯ ಟಿವಿಗೆ ಹಚ್ಚಿದ್ದ ಡಬ್ಬಿ ಸಪ್ಪಳ ಮಾಡುತ್ತದೆಂದು ಮಾಯಕ್ಕ ಖಾನಾಪುರದ ತಂಗಿಯ ಮನೆಗೆ ಹೋಗಿ ಕೂತ ಮೇಲೆ, ಬೆಳಗಾವಿಯಲ್ಲಿ ಉಳಿದ ಅವಳ ಗಂಡ ಸಿದರಾಯನಿಗೆ ಬೆಳಿಗ್ಗೆಯೂ ಅವಲಕ್ಕಿ, ಮಧ್ಯಾಹ್ನವೂ ಅವಲಕ್ಕಿ ಎಂಬಂತಾಗಿತ್ತು.

ಅದು ಇಂಟರ್‌ನೆಟ್ಟಿನಿಂದ ಸಿನಿಮಾ, ಧಾರಾವಾಹಿ ತೋರಿಸುವ ಡಬ್ಬಿ. ಒಳಗೊಂದು ಪುಟ್ಟ ಫ್ಯಾನು. ಸಿದರಾಯ ಎಚ್ಚರವಿರುವಾಗ ಸಾಧುವಿನ ಹಾಗೆ ಕೂತಿರುತ್ತಿತ್ತು. ಅವನಿಗೆ ನಿದ್ದೆ ಹತ್ತಿದ ಮೇಲೆಯೇ ಅದರ ಗುರ್‌ಗುರ್ ಶುರುವಾಗುತ್ತದೆ ಎಂಬುದು ಮಾಯಕ್ಕನ ದೂರು.

ರವಿವಾರ ಬೆಳಿಗ್ಗೆ ಸಿದರಾಯ ಫೋನ್ ಮಾಡಿದ. “ಇವತ್ತ ಹೊಸಾದು ತರ್ತೀನಿ. ಸಪ್ಪಳ ಇಲ್ಲದ್ದು. ಮಧ್ಯಾಹ್ನ ಬಂದ ಬಿಡು.”

“ಉಣ್ಣಾಕ ಬರ್ಲ್ಯೋ, ಅಡಗಿ ಮಾಡಾಕ ಬರ್ಲ್ಯೋ? ಅವಸರ ಏನಿಲ್ರಿ. ಇಲ್ಲಿ ನಿದ್ದಿ ಛಲೋ ಹತ್ತೇತಿ.”

ಕಂಪೌಂಡಿನ ಆಚೆಯಿಂದ ಮಾತು ಕೇಳಿಸಿಕೊಂಡ ನೆರೆಮನೆಯ ಚಂದ್ರವ್ವ, “ಕಡ್ಡಿ ಹಂಗ ಇರ್ತೈತಲ್ರಿ, ಅದನ್ನ ತರ್ರಿ. ನಮ್ಮ ಸೊಸಿ ಟಿವಿ ಹಿಂದ ಚುಚ್ಯಾಳ. ಐತೋ ಇಲ್ಲೋ ಗೊತ್ತಾಗಾಂಗಿಲ್ಲ,” ಎಂದಳು. ಎದುರುಮನೆಯ ಟೇಲರ್ ಅಲ್ಲಾಭಕ್ಷ ಹೊಲಿಯುತ್ತಿದ್ದ ಅಂಗಿಯನ್ನು ಬದಿಗಿಟ್ಟು ಸ್ಕೂಟರ್ ತೆಗೆದೇಬಿಟ್ಟ. “ಒಬ್ರ ಹೋದ್ರ ಟೊಪ್ಪಿಗಿ ಹಾಕ್ತಾರ ಸಿದರಾಯಣ್ಣ. ಕುಂದರ್ರಿ.”

ಖಡೇಬಜಾರಿನ ಟಿವಿ ಅಂಗಡಿಯ ಮಾಲೀಕ ಗಜಾನನ ಎರಡು ಮೂರು ತರದವು ಹರಡಿದ. “ಈ ಕಡ್ಡಿಯಂಥಾ ಸ್ಟಿಕ್ ಸೋವಿ ಐತಿ ಕಾಕಾ. ಇದರಾಗ ಫ್ಯಾನೇ ಇಲ್ಲ. ಸಪ್ಪಳ ಹೆಂಗ ಬರ್ತೈತಿ?”

“ನೀ ಹೇಳಬ್ಯಾಡ. ಅದು ಹೇಳ್ಲಿ,” ಎಂದ ಸಿದರಾಯ ಕಿಸೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ.

ಮಚ್ಛೆಯ ಕಾರ್ಖಾನೆಯಲ್ಲಿ ಅವನು ಇಡೀ ನೌಕರಿಯನ್ನು ಯಂತ್ರಗಳ ನಡುವೆ ಕಳೆದಿದ್ದ. ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೆ, ಹಿಡಿಕೆ ಕಿವಿಗೆ. ಬೇರಿಂಗ್ ಕೆಟ್ಟಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದ. ನಿವೃತ್ತಿಯಾದರೂ ಚಾಳಿ ನಿವೃತ್ತಿಯಾಗಿರಲಿಲ್ಲ.

ಅಂಗಡಿಯ ಟಿವಿಗೆ ಚುಚ್ಚಿದ ಸ್ಟಿಕ್ಕಿಗೆ ತುದಿ ತಾಗಿಸಿ ಕಣ್ಣು ಮುಚ್ಚಿದ. “ಆ ಫ್ಯಾನ್ ಆರಸು.” ಗಜಾನನ ಆರಿಸಿದ. “ಏಸಿ?” ಅದೂ ಆರಿತು. “ಬಾಕಿ ಟಿವಿ?” ಅವೂ ಬಾಯಿ ಮುಚ್ಚಿದವು. ಗಿರಾಕಿಗಳೆಲ್ಲ ಮೌನಾಚರಣೆಗೆ ನಿಂತವರಂತೆ ತಲೆ ತಗ್ಗಿಸಿ ನಿಂತರು. ಫ್ರಿಜ್ ನೋಡಲು ಬಂದವರೊಬ್ಬರು ಸೀನಿದರು.

“ಸೀನಬ್ಯಾಡ್ರಿ. ಮತ್ತ ಮೊದಲಿಂದ ಕೇಳಬೇಕಾಗ್ತೈತಿ.”

ಎಲ್ಲರ ಬೆನ್ನೂ ಬೆವರಿದ ಮೇಲೆ ಸಿದರಾಯ ತಲೆಯಾಡಿಸಿದ. “ಬೇರಿಂಗ್ ಛಲೋ ಐತಿ.”

“ಅದರಾಗ ಬೇರಿಂಗೇ ಇಲ್ಲ ಕಾಕಾ.”

“ಅದಕ್ಕ ಛಲೋ ಐತಿ.”

ಗಜಾನನ ನಕ್ಕು, “ಕೇಳಿ ಕೇಳಿ ದಣದೀರಿ,” ಎಂದು ಚಹಾ ತರಿಸಿ ಕುಡಿಸಿಯೇ ಕಳಿಸಿದ.

ಮಧ್ಯಾಹ್ನ ಮಾಯಕ್ಕ ಖಾನಾಪುರದ ಬಸ್ಸಿಳಿದು ಬಂದಳು. ತಂಗಿ ಕಟ್ಟಿಕೊಟ್ಟ ರೊಟ್ಟಿ, ಎಣ್ಣೆಗಾಯಿ ಚೀಲದಲ್ಲಿದ್ದವು. ಸ್ಟಿಕ್ ನೋಡಿ ಅವಳ ಮುಖ ಯಾಕೋ ಸಣ್ಣದಾಯಿತು. “ಫ್ಯಾನ್ ಇರೂದು ಸಿಗಲಿಲ್ಲೇನ್ರಿ?”

“ಫ್ಯಾನ್ ಯಾಕ? ಇದು ಗಪ್ ಇರ್ತೈತಿ. ಪರೀಕ್ಷಾ ಮಾಡೂಣು.”

“ಬ್ಯಾಡ ಬಿಡ್ರಿ. ನೀವು ಹೇಳಿದ್ರಲ್ಲ, ಸಾಕು.”

ಸಿದರಾಯ ಬಿಡಲಿಲ್ಲ. ಗಡದ್ದಾಗಿ ಉಂಡು ಅಲ್ಲಾಭಕ್ಷನನ್ನೂ ಚಂದ್ರವ್ವನನ್ನೂ ಸಾಕ್ಷಿಗೆ ಕರೆದ. “ನಾ ಮಲಗಿದ ಮ್ಯಾಲಲ್ಲೇನು ಸಪ್ಪಳ ಬರೂದು? ಈಗ ನಾ ಮಲಗ್ತೀನಿ. ನೀವು ಕೇಳ್ರಿ.” ಸ್ಕ್ರೂಡ್ರೈವರನ್ನು ಅಲ್ಲಾಭಕ್ಷನ ಕೈಗೆ ಕೊಟ್ಟು ಮಂಚದ ಮೇಲೆ ಉರುಳಿದ.

ಮೊದಲು, ಎಲ್ಲೋ ದೂರದಲ್ಲಿ ಗೂಡ್ಸ್ ರೈಲು ಲೋಂಡಾ ಕಡೆಯ ಏರು ಹತ್ತುವಂತೆ ಕೇಳಿಸಿತು. ಆಮೇಲೆ ರೈಲು ಕೋಣೆಯೊಳಗೇ ಬಂತು. ಅಲ್ಲಾಭಕ್ಷ ಸ್ಟಿಕ್ಕಿಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿ ಹುಬ್ಬು ಗಂಟಿಕ್ಕಿದ. ಸ್ಟಿಕ್ಕನ್ನು ಕಿತ್ತು ಕೈಯಲ್ಲಿ ಹಿಡಿದ. ರೈಲು ನಿಲ್ಲಲಿಲ್ಲ. ಅವನ ಸ್ಕ್ರೂಡ್ರೈವರ್ ಮೆಲ್ಲಗೆ ಮಂಚದ ಕಡೆ ತಿರುಗಿತು. ಚಂದ್ರವ್ವ ಬಾಯಿಗೆ ಸೆರಗು ತುರುಕಿಕೊಂಡಳು.

ಮಾಯಕ್ಕ ಪಿಸುಗುಟ್ಟಿದಳು: “ಹಿಂದ ಕಾರ್ಖಾನ್ಯಾಗ ಇವರು ಗೊರಕಿ ಹೊಡೀತಾರಂತ ಯಾರೋ ನಕ್ಕಿದ್ರು. ಇವರು ವಾರಗಟ್ಲೆ ರಾತ್ರಿ ಮಲಗದ ಕುಂತಕೊಂಡ ಕಳದಿದ್ರು. ಅದಕ್ಕ ನಾ ಡಬ್ಬಿ ಮ್ಯಾಲ ಹಾಕೀನಿ. ಡಬ್ಬಿ ಏನ್ ಮನಸಿಗೆ ಹಚ್ಚಿಕೊಳ್ಳಾಂಗಿಲ್ಲಲ್ಲ.”

ಅಷ್ಟರಲ್ಲಿ ಸಿದರಾಯ ಎದ್ದು ಕೂತ. “ಹೆಂಗೈತಿ? ಸಪ್ಪಳ ಬಂತೇನು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಾಭಕ್ಷ ಕೈಯಲ್ಲಿದ್ದ ಸ್ಟಿಕ್ಕನ್ನು ಕಿಸೆಗೆ ಇಳಿಸಿದ. “ಬಂತು ಸಿದರಾಯಣ್ಣ. ಭಾಳ ಬಂತು.”

“ಹಳೇದಕ್ಕ ಇದು ಅಪ್ಪ ಆಗ್ತೈತಿ,” ಎಂದಳು ಚಂದ್ರವ್ವ.

ಸಿದರಾಯ ಟಿವಿಯ ಹಿಂದೆ ತಡವಿದ. “ಎಲ್ಲಿ ಅದು?”

“ನನ್ನ ಕಿಸೆದಾಗ. ಭಾಳ ಒದರಾಕತ್ತಿತ್ತು, ತಗದೆ.”

“ಈಗ?”

ಅಲ್ಲಾಭಕ್ಷ ಕಿಸೆ ಮುಟ್ಟಿ ನೋಡಿಕೊಂಡ. “ಈಗ ಸುಮ್ಮನೈತಿ.”

“ನೋಡ್ರಿ ಮತ್ತ. ನಾ ಎದ್ದ ಕೂಡ್ಲೆ ಗಪ್,” ಎಂದು ಸಿದರಾಯ ಹಲ್ಲು ಕಡಿದ.

ಬದಲಿ ಸಿಗುವ ತನಕ ತಂಗಿಯ ಮನೆಯಲ್ಲೇ ಇರುತ್ತೇನೆಂದ ಮಾಯಕ್ಕ ಗಂಡನಿಗೆ ಅವಲಕ್ಕಿ ಒಗ್ಗರಣೆ ಹಾಕಿಟ್ಟು, ಇಳಿಹೊತ್ತಿನ ಬಸ್ಸಿಗೆ ಹೊರಟಳು. ಸಿದರಾಯ ಅಲ್ಲಾಭಕ್ಷನಿಂದ ಸ್ಟಿಕ್ಕನ್ನೂ ಸ್ಕ್ರೂಡ್ರೈವರನ್ನೂ ಇಸಿದುಕೊಂಡು ಮತ್ತೆ ಖಡೇಬಜಾರಿಗೆ ನಡೆದ. ದೂರದಿಂದಲೇ ಅವನನ್ನು ಕಂಡ ಗಜಾನನ ಏನೂ ಕೇಳದೆ ಎದ್ದು ಅಂಗಡಿಯ ಫ್ಯಾನು ಆರಿಸಿದ.