ಗೋಂದಪ್ಪ ಚುನಾವಣೆಗೆ ನಿಂತದ್ದು

ಇದು ದೊಡ್ಡವರ ವಿಷಯ, ನನ್ನದು ಸಣ್ಣ ಬಾಯಿ. ಪ್ರಜಾಪ್ರಭುತ್ವದ ಬಗ್ಗೆ ಬರೆಯುವಷ್ಟು ನಾನು ತಿಳಿದವನಲ್ಲ. ಎಲ್ಲಾದರೂ ತಪ್ಪಿದ್ದರೆ ಓದುಗರು ಕ್ಷಮಿಸಬೇಕು. ಹೇಳದೆ ಸುಮ್ಮನಿದ್ದರೆ ಗೋಂದಪ್ಪನ ಬಗ್ಗೆ ಜನ ಆಡಿಕೊಳ್ಳುತ್ತಿರುವುದೇ ನಿಜವಾಗಿಬಿಡುತ್ತದೆಂಬ ಭಯಕ್ಕೆ ಹೇಳುತ್ತಿದ್ದೇನೆ.

ಗೋಂದಪ್ಪ ಎನ್ನುವುದು ಅವನ ಹೆಸರಲ್ಲ. ವಿಶ್ವ ಪ್ರಜಾಪ್ರಭುತ್ವ ಬೆಂಬಲ ಸಂಘದ ಕಚೇರಿಯಲ್ಲಿ ಲಕೋಟೆಗಳಿಗೆ ಗೋಂದು ಹಚ್ಚಿ ಹಚ್ಚಿ ಅಂಟಿಕೊಂಡ ಹೆಸರು. ಸಂಘದವರು ಪ್ರತಿ ಶನಿವಾರ ಸೇರಿ, ಯಾವುದಾದರೊಂದು ದೂರದ ದೇಶದ ಸರ್ವಾಧಿಕಾರಿಗೆ, ‘ತಾವು ಕೂಡಲೇ ಕುರ್ಚಿ ಬಿಟ್ಟು ಇಳಿಯತಕ್ಕದ್ದು’ ಎಂದು ಪತ್ರ ಬರೆಯುತ್ತಿದ್ದರು. ಅಧ್ಯಕ್ಷರು ಆ ಪತ್ರಗಳಿಗೆ ಸಹಿ ಹಾಕಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಏಳು ಜನ ಸರ್ವಾಧಿಕಾರಿಗಳು ಇಳಿದಿದ್ದರು. ಅಧ್ಯಕ್ಷರು ಮಾತ್ರ ಇಳಿದಿರಲಿಲ್ಲ.

ಗೋಂದಪ್ಪನಿಗೆ ಸಂಬಳದ ಜೊತೆಗೆ ಕಚೇರಿಯ ಹಿಂದಿನ ಕೋಣೆ ಕೊಟ್ಟಿದ್ದರು. ಅಲ್ಲಿ ಅವನು, ಹೆಂಡತಿ, ಅತ್ತೆ, ಹೆಂಡತಿಯ ಹೊಲಿಗೆ ಯಂತ್ರ. ಕೆಲಸ ಹೋದರೆ ನಾಲ್ವರೂ ಬೀದಿಗೆ.

ಒಂದು ಶನಿವಾರ ಸಂಘಕ್ಕೆ ಒಬ್ಬ ಅತಿಥಿ ಬಂದಿದ್ದರು. ತಮ್ಮ ದೇಶದಲ್ಲಿ ‘ಓಟು ಇನ್ನೊಂದು ಸಲ ಎಣಿಸಿ’ ಎಂದ ತಪ್ಪಿಗೆ ಆರು ವರ್ಷ ಜೈಲು ಕಂಡ ಹೆಂಗಸು. ಸೆರೆಮನೆಗೆ ಯಾರೋ ಕಳಿಸಿದ್ದ ಹಳೆಯ ವ್ಯಾಕರಣ ಪುಸ್ತಕದಿಂದ ನಮ್ಮ ಭಾಷೆ ಕಲಿತಿದ್ದರು. ಹಾಗಾಗಿ ಶಾಸನ ಓದಿದ ಹಾಗೆ ಮಾತಾಡುತ್ತಿದ್ದರು.

“ನಿಮ್ಮ ಸಂಘದ ಕಡೆಯ ಚುನಾವಣೆಯು ಯಾವಾಗ ಜರುಗಿತು?” ಎಂದು ಚಹಾ ಹೀರುತ್ತ ಕೇಳಿದರು.

ಅಧ್ಯಕ್ಷರು ಫ್ಯಾನನ್ನು ನೋಡಿದರು. ಕಾರ್ಯದರ್ಶಿಗಳು ಹಲ್ಲಿನ ಡಾಕ್ಟರು; ಕಂಡವರ ಬಾಯನ್ನೆಲ್ಲ ತೆರೆಸುವವರು ಆಗ ತಮ್ಮ ಬಾಯಿ ಮುಚ್ಚಿಕೊಂಡರು. ಮನೆಗೆ ಬಂದವರಿಗೆ ಉತ್ತರ ಕೊಡದಿದ್ದರೆ ಸಂಘದ ಮರ್ಯಾದೆ ಏನಾದೀತು ಎಂದು ಗೋಂದಪ್ಪನಿಗೆ ದಿಗಿಲಾಯಿತು. ಟ್ರೇ ಹಿಡಿದುಕೊಂಡೇ ಹೇಳಿಬಿಟ್ಟ:

“ಇವತ್ತೇ ಅಮ್ಮಾ. ನಾಲ್ಕು ಗಂಟೆಗೆ.”

“ಎಂಥ ಭಾಗ್ಯ! ನಾನು ಅದನ್ನು ಕಣ್ಣಾರೆ ಕಾಣುವೆನು,” ಎಂದರು ಅತಿಥಿ.

ಎರಡು ನಿಮಿಷದಲ್ಲಿ ಗೋಂದಪ್ಪ ಮೆಟ್ಟಿಲ ಕೆಳಗಿನ ಪೊರಕೆ ಇಡುವ ಗೂಡಿನಲ್ಲಿದ್ದ. ಅವನ ಅಂಗಿಯ ಕಾಲರು ಅಧ್ಯಕ್ಷರ ಕೈಯಲ್ಲಿತ್ತು.

“ಚುನಾವಣೆ ಅಂತೆ! ನಿಮ್ಮಪ್ಪ ಇಟ್ಟಿದ್ನೇನೋ ಚುನಾವಣೆ?”

“ತಪ್ಪಾಯ್ತು ಸಾರ್. ಬಾಯಿಗೆ ಬಂದುಬಿಡ್ತು.”

“ಬಂದಿದ್ದು ಬಂತಲ್ಲ, ಎದುರಿಗೆ ನಿಲ್ಲೋಕೆ ಒಬ್ಬ ಬೇಕಲ್ಲ. ಯಾರು ನಿಲ್ತಾರೆ?”

“ನಮ್ಮವರು ಯಾರೂ ನಿಲ್ಲಲ್ಲ,” ಎಂದರು ಡಾಕ್ಟರು. “ನಿಮ್ಮ ಮೇಲಿನ ಗೌರವಕ್ಕೆ.”

“ಹಾಗಾದ್ರೆ ಇವನೇ ನಿಲ್ಲಲಿ. ಈಗಲೇ ಸದಸ್ಯ ಮಾಡಿ. ಲೋ, ನೀನು ನಿಲ್ತಿರೋದು ಸೋಲೋಕೆ. ಗೊತ್ತಾಯ್ತಾ? ಐದು ಓಟಿನ ಮೇಲೆ ಒಂದು ಬಂದರೂ ಕೋಣೆ ಖಾಲಿ ಮಾಡಿಸ್ತೀನಿ!”

ಅಧ್ಯಕ್ಷರ ಲೆಕ್ಕದಲ್ಲಿ ಅದು ಕೈ ಎತ್ತುವ ಚುನಾವಣೆ. ಅತಿಥಿ ಒಪ್ಪಲಿಲ್ಲ. “ಗುಪ್ತವಲ್ಲದ ಮತವು ಮತವೇ ಅಲ್ಲ” ಎಂದು ತಾವೇ ನಿಂತು ಬೀರುವನ್ನು ಮೂಲೆಗೆ ಎಳೆಸಿ ಮರೆ ಮಾಡಿಸಿದರು. ಖಾಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಚಾಕುವಿನಿಂದ ಸೀಳಿಸಿದರು.

ಗೋಂದಪ್ಪ ಹಿಂದಿನ ಕೋಣೆಗೆ ಓಡಿದ. ಹೆಂಡತಿ ಯಂತ್ರದ ಚಕ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

“ರೀ, ಲೋಕದಲ್ಲಿ ಗೆಲ್ಲೋದು ಕಷ್ಟ ಅಂತಾರೆ. ಸೋಲೋದಕ್ಕೂ ಹೀಗೆ ಬೆವರ್ತೀರಲ್ಲ!”

“ಐದರ ಮೇಲೆ ಬಂದ್ರೆ ಕೋಣೆ ಹೋಗುತ್ತೆ ಕಣೇ.”

“ನಿಮಗಾ? ಐದಾ?” ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. “ಅಳಿಯಂದ್ರೇ, ನಿಶ್ಚಿಂತೆಯಾಗಿ ಹೋಗಿ.”

ಗೋಂದಪ್ಪನಿಗೆ ನಿಶ್ಚಿಂತೆ ಎಲ್ಲಿಂದ? ಬಾಗಿಲ ಬಳಿ ನಿಂತು, ಬಂದ ಒಬ್ಬೊಬ್ಬ ಸದಸ್ಯರ ಕೈಯನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಕಿವಿಯಲ್ಲಿ ಬೇಡತೊಡಗಿದ.

“ಅಣ್ಣಾ, ನಿಮ್ಮ ದಮ್ಮಯ್ಯ, ನನಗೆ ಮಾತ್ರ ಓಟು ಹಾಕಬೇಡಿ.”

ಔಷಧಿ ಅಂಗಡಿಯವನು ಮರುಗಿದ. “ಛೆ, ಪಾಪ! ಹತ್ತೊಂಬತ್ತು ವರ್ಷದಲ್ಲಿ ನಮ್ಮನ್ನ ಯಾರಾದ್ರೂ ಹೀಗೆ ಕೈ ಹಿಡಿದು ಮಾತಾಡಿಸಿದ್ರಾ?”

ನಿವೃತ್ತ ಸ್ಕೂಲ್ ಮೇಡಂ ಒಬ್ಬರು ಕಣ್ಣೊರೆಸಿಕೊಂಡರು. “ಇಂಥವನಿಗೆ ಸೊನ್ನೆ ಬಂದರೆ ಮುಖ ಎಲ್ಲಿ ಇಟ್ಕೋತಾನೆ?”

ಗೋಂದಪ್ಪನ ಎದೆ ಕುಕ್ಕರಿನಂತೆ ಸಿಳ್ಳೆ ಹಾಕತೊಡಗಿತು.

ಮತದಾನ ಮುಗಿಯಿತು. ಅತಿಥಿಗೆ ಫೋನು ಬಂದು ಅವರು ಅಂಗಳಕ್ಕೆ ಹೋದರು. ಡಾಕ್ಟರು ಡಬ್ಬಿಯಿಂದ ಚೀಟಿಗಳನ್ನು ಹಲ್ಲು ಕಿತ್ತಂತೆ ಒಂದೊಂದಾಗಿ ಎತ್ತಿದರು.

“ಗೋಂದಪ್ಪ.” ಜನ ಮುಗುಳ್ನಕ್ಕರು. “ಗೋಂದಪ್ಪ.” ಒಬ್ಬರನ್ನೊಬ್ಬರು ನೋಡಿದರು. “ಗೋಂದಪ್ಪ. ಮತ್ತೆ ಗೋಂದಪ್ಪ. ಗೋಂ... ಸಾರ್, ಮುಂದಕ್ಕೆ ಓದಲಾ?”

‘ಪಾಪ, ನನ್ನದೊಂದಾದರೂ ಇರಲಿ, ಅಧ್ಯಕ್ಷರು ಹೇಗೂ ಗೆಲ್ತಾರೆ’ ಎಂದು ಪ್ರತಿಯೊಬ್ಬರೂ ತಾವೊಬ್ಬರೇ ಕರುಣಾಮಯಿಗಳೆಂದುಕೊಂಡು ಬರೆದಿದ್ದರು. ಒಟ್ಟು ಇಪ್ಪತ್ನಾಲ್ಕು ಚೀಟಿ. ಗೋಂದಪ್ಪನಿಗೆ ಇಪ್ಪತ್ಮೂರು. ಅಧ್ಯಕ್ಷರಿಗೆ ಒಂದು.



“ಅಭಿನಂದನೆ,” ಎಂದರು ಅಧ್ಯಕ್ಷರು, ಬೇವು ಅಗಿದವರ ಹಾಗೆ. “ಡಾಕ್ಟ್ರೇ, ಒಂಬತ್ತನೇ ನಿಯಮ ಓದಿ.”

“ಪದಾಧಿಕಾರಿಗಳು ಸಂಘದಿಂದ ಸಂಬಳವನ್ನಾಗಲಿ ವಸತಿಯನ್ನಾಗಲಿ ಪಡೆಯತಕ್ಕದ್ದಲ್ಲ.”

ಗೋಂದಪ್ಪ ಮೇಜು ಹಿಡಿದುಕೊಂಡ. “ಹಾಗಾದ್ರೆ ಈಗಲೇ ರಾಜೀನಾಮೆ ಸಾರ್. ನನಗೆ ನನ್ನ ಕೆಲಸ ಕೊಡಿ.”

“ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕಪ್ಪ,” ಎಂದರು ಡಾಕ್ಟರು.

“ಹಾಕ್ತೀನಿ. ಮಂಜೂರು ಮಾಡೋರು ಯಾರು?”

“ಅಧ್ಯಕ್ಷರು.”

“ಅಧ್ಯಕ್ಷರು ಯಾರು?”

“ನೀನೇ. ಆದ್ರೆ ರಾಜೀನಾಮೆ ಕೊಟ್ಟೆಯಲ್ಲ, ಈಗ ಯಾರೂ ಇಲ್ಲ.”

“ಕೊಡಲಿಲ್ಲ ಅಂದ್ಕೊಳ್ಳಿ!”

“ಆಗ ಕೆಲಸ ಇಲ್ಲ.”

ಗೋಂದಪ್ಪನಿಗೆ ಉಳಿದದ್ದು ಒಂದೇ ದಾರಿ. ಅನ್ಯಾಯಕ್ಕೆ ಎದುರಾಗಿ ಆರು ವರ್ಷ ಕಂಬಿ ಎಣಿಸಿದವರು ಅಂಗಳದಲ್ಲೇ ಇದ್ದಾರೆ. ಅವರ ಒಂದು ಮಾತಿಗೆ ಅಧ್ಯಕ್ಷರು ಬಗ್ಗಿಯಾರು. ಓಡಿಹೋಗಿ ಕೈ ಮುಗಿದ.

“ಅಮ್ಮಾ, ನೀವೇ ಕಾಪಾಡಬೇಕು. ನಾನು ಗೆದ್ದುಬಿಟ್ಟೆ.”

ಅತಿಥಿ ಫೋನು ಕೆಳಗಿಳಿಸಿದರು. “ಎಷ್ಟು ಮತಗಳಿಂದ?”

“ಇಪ್ಪತ್ನಾಲ್ಕಕ್ಕೆ ಇಪ್ಪತ್ಮೂರು.”

ಅವರ ಮುಖದ ಬಣ್ಣ ಬದಲಾಯಿತು. ಅಷ್ಟರಲ್ಲಿ ಅಧ್ಯಕ್ಷರೂ ಬಂದು ಹಿಂದೆ ನಿಂತಿದ್ದರು. ಬಾಗಿದ ತಲೆ, ಎದೆಗಪ್ಪಿದ ಕೈ. ನೋಡಿದರೆ ಕಲ್ಲೂ ಕರಗಬೇಕು.

“ಮತದಾನಕ್ಕೆ ಮುನ್ನ,” ಎಂದರು ಅತಿಥಿ ನಿಧಾನವಾಗಿ, “ನೀವು ಬಾಗಿಲಲ್ಲಿ ಪ್ರತಿಯೊಬ್ಬರ ಕೈ ಹಿಡಿದು ಕಿವಿಯಲ್ಲಿ ಏನನ್ನೋ ಉಸುರುತ್ತಿದ್ದುದನ್ನು ನಾನು ಕಂಡೆನು. ಅದೇನು?”

“ನನಗೆ ಓಟು ಹಾಕಬೇಡಿ ಅಂತ ಬೇಡ್ಕೊಂಡೆ, ಅಮ್ಮಾ. ಆಣೆಗೂ!”

“ನನ್ನ ದೇಶದ ಸರ್ವಾಧಿಕಾರಿಯೂ ಹೀಗೆಯೇ ಹೇಳುತ್ತಿದ್ದನು. ತನಗೆ ಅಧಿಕಾರದ ಆಸೆಯಿಲ್ಲವೆಂದು, ಜನರೇ ಬಿಡುತ್ತಿಲ್ಲವೆಂದು. ಅವನಿಗೂ ನೂರಕ್ಕೆ ತೊಂಬತ್ತಾರು ಬಂದಿತ್ತು.”

ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಜಗತ್ತಿನಲ್ಲಿ ಅಧಿಕಾರ ಕಬಳಿಸಿದವರ ಪಟ್ಟಿ ಅದು, ಹನ್ನೊಂದು ಹೆಸರುಗಳಿದ್ದವು. ಪೆನ್ನಿನ ಮುಚ್ಚಳ ಬಿಚ್ಚಿ ಕೇಳಿದರು:

“ನಿಮ್ಮ ಪೂರ್ಣ ನಾಮಧೇಯ?”

ಕೇಳಿದವರಿಗೆ ಉತ್ತರ ಕೊಡದೆ ಇರುವುದು ಗೋಂದಪ್ಪನಿಗೆ ಗೊತ್ತಿರಲಿಲ್ಲ. ಹೇಳಿದ. ತಪ್ಪಿಲ್ಲದೆ ಬರೆದುಕೊಂಡರು.

ಕತ್ತಲಾಗುವ ಮೊದಲು ಹೊಲಿಗೆ ಯಂತ್ರ ಕೈಗಾಡಿ ಏರಿತು. ಪದಚ್ಯುತ ಅಧ್ಯಕ್ಷರ ಬೆಂಬಲ ಸಮಿತಿ ಅದೇ ಅಂಗಳದಲ್ಲಿ ಹುಟ್ಟಿತು. ಗೋಂದಪ್ಪನನ್ನು ಬಿಟ್ಟು ಎಲ್ಲರೂ ಸೇರಿದರು. ಅತಿಥಿಯದೇ ಮೊದಲ ಸಹಿ.

ಆ ಒಂದು ಓಟು ತನ್ನದೇ, ಹೆದರಿ ಅಧ್ಯಕ್ಷರಿಗೇ ಹಾಕಿದೆ ಎಂದು ಗೋಂದಪ್ಪ ಇವತ್ತಿಗೂ ಆಣೆ ಇಡುತ್ತಾನೆ. ಅದು ನನ್ನದು, ನನ್ನ ಮೇಲೆ ನನಗೆ ನಂಬಿಕೆಯಿತ್ತು ಎನ್ನುತ್ತಾರೆ ಅಧ್ಯಕ್ಷರು. ಉಳಿದ ಇಪ್ಪತ್ತೆರಡು ಜನವೂ ಅವರ ಬಳಿ ಗುಟ್ಟಾಗಿ ಹೋಗಿ, ಅದು ತಮ್ಮದೆಂದು ಹೇಳಿಬಂದಿದ್ದಾರೆ. ಚೀಟಿ ಮಾತ್ರ ಒಂದೇ ಇತ್ತು. ಅದನ್ನು ಬರೆದವರು ಯಾರೆಂದು ನನಗೆ ಗೊತ್ತಿಲ್ಲ.