ಕಣ್ಣಿಗೆ ಬೀಳದ ಕೆಲಸ

ನನ್ನ ವಾರಗಿತ್ತಿ ಬಂದದ್ದು ಎರಡೇ ದಿನಕ್ಕೆ. ಅಷ್ಟರಲ್ಲೇ ಅತ್ತೆಯ ಪ್ರಾಣ ಉಳಿಸಿ, ಹೆಸರು ಮಾಡಿ, ಬಸ್ಸು ಹತ್ತಿ ಹೋದಳು.

ಅತ್ತೆಗೆ ಎದ್ದು ನಿಂತರೆ ತಲೆಸುತ್ತು. ವರ್ಷದಿಂದ ಈ ಮನೆಯ ಪತನನಿರೋಧಕ ಇಲಾಖೆಯ ಏಕೈಕ ಸಿಬ್ಬಂದಿ ನಾನು. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ಹಾಗೆ, ಮಲಗಿದ್ದವರನ್ನು ಮೊದಲು ಕೂರಿಸುತ್ತೇನೆ. ಕಾಲು ಇಳಿಬಿಡಿಸಿ ಸ್ವಲ್ಪ ಹೊತ್ತು ಮಾತಾಡಿಸುತ್ತೇನೆ. ಸುತ್ತು ಇಲ್ಲ ಎಂದ ಮೇಲೆ ನಿಲ್ಲಿಸಿ ಪಕ್ಕದಲ್ಲೇ ನಡೆಯುತ್ತೇನೆ. ಬಚ್ಚಲ ನೆಲ ಒಣಗುವಂತೆ ಒರೆಸುತ್ತೇನೆ. (ಅದನ್ನು ಒದ್ದೆ ಮಾಡಿ ಬರುವ ಮಹಾಶಯರು ಅತ್ತೆಯ ಹಿರಿಯ ಮಗ, ಅಂದರೆ ನಮ್ಮವರು.) ಇಷ್ಟೆಲ್ಲದರ ಫಲವಾಗಿ ಅತ್ತೆ ಒಮ್ಮೆಯೂ ಬೀಳಲಿಲ್ಲ. ಬೀಳದೇ ಇದ್ದದ್ದು ಯಾರ ಕಣ್ಣಿಗೆ ಬೀಳುತ್ತದೆ?

ವಾರಗಿತ್ತಿ ಬಂದ ಮರುದಿನವೇ ಅತ್ತೆಯನ್ನು ದಡಕ್ಕನೆ ಎಬ್ಬಿಸಿ ನಿಲ್ಲಿಸಿದಳು. ಅವರು ವಾಲಿದರು. ಅವಳು ತಬ್ಬಿ ಹಿಡಿದಳು. ಅಷ್ಟೇ. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಫೋನು ಹೋಯಿತು. ಚಿಕ್ಕ ಸೊಸೆ ಇಲ್ಲದಿದ್ದರೆ ತಾನು ಇವತ್ತು ಇರುತ್ತಲೇ ಇರಲಿಲ್ಲ ಎಂದು ಅತ್ತೆ ಕಣ್ಣೊರೆಸಿಕೊಂಡರು. ಅವಳು ಇಲ್ಲದಿದ್ದರೆ ವಾಲುತ್ತಲೇ ಇರಲಿಲ್ಲ ಎಂದು ನಾನು ಹೇಳಿದ್ದಕ್ಕೆ ನಮ್ಮವರು, "ನಿನಗ್ಯಾಕೆ ಹೊಟ್ಟೆಕಿಚ್ಚು?" ಎಂದರು. ಕಿಚ್ಚೇ? ಆ ಕಿಚ್ಚಿನಲ್ಲಿ ಒಲೆ ಹಚ್ಚದೆಯೇ ಅಡುಗೆ ಮಾಡಿಬಿಡಬಹುದಿತ್ತು. (ಮಾಡುವವಳು ನಾನೇ ತಾನೆ!)

ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಅವಳು ನನಗೇ ಉಪದೇಶಿಸಿದಳು. "ಅಕ್ಕಾ, ಅತ್ತೇನ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ."

ಆಗಲೇ ನನಗೆ ಉಪಾಯ ಹೊಳೆದದ್ದು. ಅತ್ತೆ ನನ್ನ ಕೈಯಲ್ಲೂ ಒಮ್ಮೆ, ನಮ್ಮವರ ಕಣ್ಣೆದುರು, ಇಷ್ಟೇ ಇಷ್ಟು ವಾಲಬೇಕು. ಹಿಡಿಯಲು ನಾನು ಇದ್ದೇ ಇರುತ್ತೇನಲ್ಲ.

ಭಾನುವಾರ ನಮ್ಮವರು ಅತ್ತೆಯ ಕೋಣೆಯಲ್ಲೇ ಪೇಪರು ಹಿಡಿದು ಕೂತಿದ್ದರು. ಅತ್ತೆಯನ್ನು ದಡಕ್ಕನೆ ಎಬ್ಬಿಸಲು ಹೋದರೆ, ನನ್ನ ಹಾಳು ಬಾಯಿ ಅಭ್ಯಾಸಬಲದಿಂದ, "ನಿಧಾನ ಅತ್ತೆ, ಮೊದಲು ಕೂತ್ಕೊಳ್ಳಿ, ಕಾಲು ಕೆಳಗೆ ಬಿಡಿ," ಎಂದಿತು. ಅವರು ಕೂತರು. ಸುಧಾರಿಸಿಕೊಂಡರು. ಮಂಚದ ಅಂಚು ಹಿಡಿದು ಕಂಬದ ಹಾಗೆ ನಿಂತರು. ನಾನು ಮಾತ್ರ ಎರಡೂ ಕೈ ಚಾಚಿ ಕಾಯುತ್ತಾ, ನಮ್ಮವರು ನೋಡುತ್ತಿದ್ದಾರೋ ಇಲ್ಲವೋ ಎಂದು ಹಿಂದೆ ತಿರುಗಿದೆ. ಮಂಚದ ಕಾಲಿಗೆ ನನ್ನ ಕಾಲು ತಗುಲಿತು. ಮುಗ್ಗರಿಸಿದ ನನ್ನ ರಟ್ಟೆಯನ್ನು ಅತ್ತೆ ಗಬಕ್ಕನೆ ಹಿಡಿದುಕೊಂಡರು.

ಆಗ ಇಳಿಯಿತು ಪೇಪರು. ಮರುಕ್ಷಣವೇ ತಮ್ಮನಿಗೆ ಫೋನು.

"ಅಮ್ಮ ಹಿಡೀದೇ ಹೋಗಿದ್ರೆ ನಿಮ್ಮತ್ತಿಗೆ ಬಿದ್ದೇಬಿಡ್ತಿದ್ಲು ಕಣೋ. ಪಾಪ, ಈ ವಯಸ್ಸಲ್ಲಿ ಅಮ್ಮ ಇವಳನ್ನ ನೋಡ್ಕೊಂಡಿರೋದು ಅಂದ್ರೆ ಸುಮ್ನೇನಾ?"